ಗೋಡೆ ಬಿದ್ದ ಮೇಲೆ ಯಾವ ಬಾಗಿಲು ತಟ್ಟಬೇಕು?

ಮಳೆಗಾಲದ ಆಟಿ ತಿಂಗಳ ಒಂದು ರಾತ್ರಿ ನಮ್ಮ ಮನೆಯ ಕೆಳಗಿನ ತಗ್ಗಿನಲ್ಲಿರುವ ಅಕ್ಕನ ಮನೆಯ ಅಡುಗೆಕೋಣೆ ಗೋಡೆ ಕುಸಿಯಿತು. ಮುರಕಲ್ಲಿನ ಗೋಡೆ, ನಡುವೆ ಬರೀ ಮಣ್ಣು. ಮೂರು ದಿನದ ಮಳೆಗೆ ನೀರು ಕುಡಿದು ಉಬ್ಬಿತ್ತು. ಬಿದ್ದ ಸದ್ದು ಮಳೆಯ ಸದ್ದಿನಲ್ಲಿ ನಮಗೆ ಕೇಳಿಸಲೇ ಇಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ಮಾಡಿನ (ಛಾವಣಿಯ) ಪಕ್ಕಾಸು ಒಂದು ಕಡೆ ಜೋತುಬಿದ್ದಿದೆ, ಹಂಚುಗಳೆಲ್ಲ ಒಲೆಯ ಮೇಲೆ. ಪುಣ್ಯಕ್ಕೆ ಎಲ್ಲರೂ ಚಾವಡಿಯಲ್ಲಿ, ಅಂದರೆ ಮನೆಯ ಮುಂದಿನ ಕೋಣೆಯಲ್ಲಿ, ಮಲಗಿದ್ದರು.

ಎಂಟು ಗಂಟೆಗೆ ವಾರ್ಡ್ ಮೆಂಬರ್ ಬಂದು ಮೊಬೈಲಿನಲ್ಲಿ ಫೋಟೋ ತೆಗೆದರು. ಹತ್ತಕ್ಕೆ ಊರಿನ ಹುಡುಗರು ಟರ್ಪಾಲು ತಂದು ಕಟ್ಟಿದರು. ಮಧ್ಯಾಹ್ನ ವಿಲೇಜ್ ಆಫೀಸಿನವರು ಬಂದು ಏನೋ ಬರೆದುಕೊಂಡು ಹೋದರು. ಸಂಜೆ ಅಕ್ಕ ಕೇಳಿದ್ದು ಇಷ್ಟೇ: "ಮಾಷ್ಟ್ರೇ, ಎಲ್ಲರೂ ಬಂದು ಹೋದರು. ಈಗ ನಾನು ಯಾರ ಹತ್ತಿರ ಹೋಗಬೇಕು?"

ನನಗೂ ಸರಿಯಾಗಿ ಗೊತ್ತಿರಲಿಲ್ಲ. ಆಮೇಲೆ ಅವರ ಜೊತೆ ಕಚೇರಿ ಕಚೇರಿ ಅಲೆದಾಗ ಒಂದೊಂದೇ ತಿಳಿಯುತ್ತಾ ಬಂತು. ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಮಂಜೇಶ್ವರ, ಬದಿಯಡ್ಕ, ಎಣ್ಮಕಜೆ ಕಡೆ ನಮ್ಮಂಥವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಮೊದಲು ತಲೆಯಲ್ಲಿ ಇಟ್ಟುಕೊಳ್ಳಬೇಕಾದ ಸಂಗತಿ: ಬಾಗಿಲು ಎರಡು. ಒಂದು ಕಂದಾಯ ಇಲಾಖೆಯದ್ದು. ವಿಲೇಜ್ ಆಫೀಸ್, ಅದರ ಮೇಲೆ ತಾಲೂಕು ಕಚೇರಿ, ಅದರ ಮೇಲೆ ಕಲೆಕ್ಟರ್. ಇನ್ನೊಂದು ಪಂಚಾಯತಿನದ್ದು. ಕ್ಯಾಂಪ್ ತೆರೆಯುವುದು, ನಷ್ಟ ಬರೆದುಕೊಳ್ಳುವುದು, ಪರಿಹಾರದ ಹಣ ಕೊಡುವುದು ಮೊದಲನೆಯ ಬಾಗಿಲು. ಮನೆಯೇ ಇಲ್ಲದವರಿಗೆ ಮನೆ ಕಟ್ಟಿಸಿಕೊಡುವ ಪಟ್ಟಿ ಇರುವುದು ಎರಡನೆಯ ಬಾಗಿಲಲ್ಲಿ. ಮೆಂಬರ್ ಫೋಟೋ ತೆಗೆದ ಮಾತ್ರಕ್ಕೆ ವಿಲೇಜ್ ಆಫೀಸಿನಲ್ಲಿ ಅರ್ಜಿ ಆಗುವುದಿಲ್ಲ. ವಿಲೇಜ್ ಆಫೀಸಿನವರು ಬರೆದುಕೊಂಡ ಮಾತ್ರಕ್ಕೆ ಪಂಚಾಯತಿನ ಮನೆ ಪಟ್ಟಿಗೆ ಹೆಸರು ಹೋಗುವುದೂ ಇಲ್ಲ. ಎರಡೂ ಬೇರೆ ಬೇರೆ ಫೈಲು. ನಮ್ಮಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಒಂದು ಕಡೆ ಕೊಟ್ಟು "ಕೊಟ್ಟಾಯಿತಲ್ಲ" ಅಂತ ಕೂರುತ್ತಾರೆ.

ಮೇಲಿನ ಹಂತದಲ್ಲಿ ಮಾತ್ರ ಇವೆರಡು ಒಟ್ಟಿಗೆ ಕೂರುತ್ತವೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಗೂ ಒಂದು ಪ್ರಾಧಿಕಾರ ಇದೆ. ಕಲೆಕ್ಟರ್ ಅದರ ಅಧ್ಯಕ್ಷರು, ಜಿಲ್ಲಾ ಪಂಚಾಯತ್ ಅಧ್ಯಕ್ಷರು ಸಹ ಅಧ್ಯಕ್ಷರು. ಆದರೆ ನಿಮ್ಮ ಅಡುಗೆಕೋಣೆ ಗೋಡೆ ಅಲ್ಲಿವರೆಗೆ ಹೋಗುವುದಿಲ್ಲ. ಅದು ಕೆಳಗೇ ತೀರ್ಮಾನ ಆಗುತ್ತದೆ. ಮಂಜೇಶ್ವರ ತಾಲೂಕು 2014ರಲ್ಲಿ ಬೇರೆ ಆದ ಮೇಲೆ ಆ ತಾಲೂಕಿನವರಿಗೆ ತಹಶೀಲ್ದಾರರು ಉಪ್ಪಳದಲ್ಲೇ ಸಿಗುತ್ತಾರೆ. ಅದಕ್ಕೂ ಮೊದಲು ಎಲ್ಲದಕ್ಕೂ ಕಾಸರಗೋಡು ಪೇಟೆಗೆ ಬಸ್ಸು ಹತ್ತಬೇಕಿತ್ತು.

ಕ್ಯಾಂಪಿನ ವಿಚಾರ ಬೇಗ ಮುಗಿಸುತ್ತೇನೆ. ಹೊಳೆ ಉಕ್ಕಿದಾಗ, ಗುಡ್ಡ ಜರಿಯುವ ಭಯ ಇದ್ದಾಗ ಹತ್ತಿರದ ಶಾಲೆಯಲ್ಲಿ ತೆರೆಯುತ್ತಾರೆ. ನಾನು ಪಾಠ ಮಾಡಿದ ಕೋಣೆಯಲ್ಲೇ ಜನ ಚಾಪೆ ಹಾಸಿ ಮಲಗಿದ್ದನ್ನು ಕಂಡಿದ್ದೇನೆ. ಊಟ, ನೀರು, ಔಷಧ ಅಲ್ಲೇ. ನಮ್ಮ ಜನಕ್ಕೆ ಕ್ಯಾಂಪಿಗೆ ಹೋಗುವುದೆಂದರೆ ಏನೋ ಮರ್ಯಾದೆ ಹೋದ ಹಾಗೆ. "ಸುಮ್ನೆ ಯಾಕೆ, ತಂಗಿ ಮನೆ ಇದೆಯಲ್ಲ" ಅಂತ ನೆಂಟರ ಮನೆಗೆ ಹೋಗಿಬಿಡುತ್ತಾರೆ. ಹೋಗಿ, ತೊಂದರೆ ಇಲ್ಲ. ಹೋಗುವ ಮೊದಲು ವಿಲೇಜ್ ಆಫೀಸಿಗೆ ಹೇಳಿ ಹೆಸರು ಬರೆಸಿ. ಮನೆ ಬಿಟ್ಟು ಹೋಗಿದ್ದೆವು ಅಂತ ಆಮೇಲೆ ತೋರಿಸಬೇಕಾದರೆ ಅದೊಂದೇ ದಾಖಲೆ. ರಾತ್ರಿ ಹೊತ್ತು ಯಾರನ್ನು ಕರೆಯಬೇಕೆಂದು ತೋಚದಿದ್ದರೆ ಜಿಲ್ಲಾ ಕಂಟ್ರೋಲ್ ರೂಮಿನ ನಂಬ್ರ 1077.

ಇನ್ನು ಹಣದ ಲೆಕ್ಕ. ಇದು ಸ್ವಲ್ಪ ನಿಧಾನವಾಗಿ ನೋಡಬೇಕಾದದ್ದು.

ಪರಿಹಾರದ ಹಣದ ತಳಪಾಯ ರಾಜ್ಯ ವಿಪತ್ತು ಪರಿಹಾರ ನಿಧಿ. ಹೆಸರು ರಾಜ್ಯದ್ದಾದರೂ ಕೇರಳದಂಥ ರಾಜ್ಯಕ್ಕೆ ಅದರಲ್ಲಿ ನೂರಕ್ಕೆ 75 ಪಾಲು ಕೇಂದ್ರದ್ದು, 25 ಪಾಲು ರಾಜ್ಯದ್ದು. ಯಾವುದಕ್ಕೆ ಎಷ್ಟು ಅಂತ ದರಪಟ್ಟಿ ಮಾಡುವುದೂ ಕೇಂದ್ರವೇ. 2022ರಿಂದ 2026ರ ವರೆಗಿನ ದರಪಟ್ಟಿಯಲ್ಲಿ ಬಯಲು ಪ್ರದೇಶದ ಮನೆ ಪೂರ್ತಿ ಹೋದರೆ 1,20,000 ರೂಪಾಯಿ, ಗುಡ್ಡಗಾಡಾದರೆ 1,30,000. ಅರ್ಧಂಬರ್ಧ ಹೋದರೆ? ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ಅದೂ ಕಡಿಮೆ ಪಕ್ಷ ನೂರಕ್ಕೆ 15ರಷ್ಟಾದರೂ ಹಾನಿ ಆಗಿರಬೇಕು. ದನದ ಕೊಟ್ಟಿಗೆಗೆ 3,000. ಹಾಲು ಕೊಡುವ ಹಸು ಸತ್ತರೆ 37,500.

ಇನ್ನೊಮ್ಮೆ ಓದಿ ನೋಡಿ. ಅರ್ಧ ಬಿದ್ದ ಪಕ್ಕಾ ಮನೆಗಿಂತ ಸತ್ತ ಹಸುವಿಗೆ ಐದು ಪಟ್ಟು ಜಾಸ್ತಿ! ಹಸುವಿನ ಮೇಲೆ ನನಗೆ ಸಿಟ್ಟೇನಿಲ್ಲ. 'ಪೂರ್ತಿ' ಮತ್ತು 'ಭಾಗಶಃ' ಅನ್ನುವ ಎರಡು ಶಬ್ದಗಳ ನಡುವೆ ಎಷ್ಟು ದೊಡ್ಡ ಹೊಂಡ ಇದೆ ನೋಡಿ ಅಂತ ಹೇಳಿದ್ದು. 1,20,000 ಎಲ್ಲಿ, 4,000 ಎಲ್ಲಿ.

ಇನ್ನೊಂದು ಹೊಂಡವೂ ಇದೆ. ಅದೇ ಪಟ್ಟಿಯಲ್ಲಿ 'ಗುಡಿಸಲು' ಬೇರೆ. ಗುಡಿಸಲು ಪೂರ್ತಿ ಹೋದರೂ ಸಿಗುವುದು 8,000. ಹುಲ್ಲು, ಮಣ್ಣು, ಪ್ಲಾಸ್ಟಿಕ್ ಹೊದಿಸಿ ತಾತ್ಕಾಲಿಕವಾಗಿ ಕಟ್ಟಿದ್ದು ಗುಡಿಸಲು ಅಂತ ಅರ್ಥ. ಮಣ್ಣಿನ ಗೋಡೆ ಇದೆ, ಮೇಲೆ ಹಂಚು ಹೋಗಿ ಶೀಟು ಬಂದಿದೆ, ಒಂದು ಬದಿಗೆ ಟರ್ಪಾಲು ಇದೆ. ಇದು ಕಚ್ಚಾ ಮನೆಯೋ ಗುಡಿಸಲೋ? ಬರೆಯುವವರ ಕೈಯಲ್ಲಿದೆ. ಅವರು ಬರೆಯುವಾಗ ನೀವು ಹತ್ತಿರ ನಿಂತು ಗೋಡೆಯ ಅಡಿಪಾಯ, ಪಂಚಾಯತಿನ ಮನೆ ನಂಬ್ರ ತೋರಿಸಬೇಕು. ಮನೆ ಅಧಿಕೃತವಾಗಿ ಕಟ್ಟಿದ್ದಾಗಿರಬೇಕು ಅಂತಲೂ ದರಪಟ್ಟಿಯಲ್ಲೇ ಇದೆ. ಹಾಗಾಗಿ ಬಾಗಿಲ ಮೇಲೆ ಬರೆದ ಆ ನಂಬ್ರಕ್ಕೆ ಇಂಥ ಹೊತ್ತಿನಲ್ಲಿ ಬೆಲೆ ಬರುತ್ತದೆ.

ಕೇಂದ್ರದ ದರ ಇಷ್ಟೇ ಅಂದ ಮೇಲೆ ನಾಲ್ಕು ಲಕ್ಷ ಸಿಕ್ಕಿತು ಅಂತ ಕೆಲವರು ಹೇಳುವುದು ಹೇಗೆ? ಅಲ್ಲಿ ರಾಜ್ಯ ಸೇರುತ್ತದೆ. 2018ರ ಮಹಾಪ್ರವಾಹದ ನಂತರ ಕೇರಳ ಸರ್ಕಾರ ಹಾನಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಮಾಡಿತು. ನೂರಕ್ಕೆ 15ರಷ್ಟು ಹಾನಿಗೆ 10,000 ರೂಪಾಯಿ. 16ರಿಂದ 29 ಆದರೆ 60,000. 30ರಿಂದ 59ಕ್ಕೆ 1,25,000. 60ರಿಂದ 74ಕ್ಕೆ ಎರಡೂವರೆ ಲಕ್ಷ. 75 ದಾಟಿದರೆ ಪೂರ್ತಿ ಹೋದ ಹಾಗೆಯೇ ಲೆಕ್ಕ, ನಾಲ್ಕು ಲಕ್ಷ. ಆಗ ಆ ನಾಲ್ಕು ಲಕ್ಷದಲ್ಲಿ ವಿಪತ್ತು ನಿಧಿಯಿಂದ ಬಂದದ್ದು ಬಯಲು ಪ್ರದೇಶಕ್ಕೆ 95,100 ರೂಪಾಯಿ ಮಾತ್ರ. ಉಳಿದದ್ದು ಮುಖ್ಯಮಂತ್ರಿಗಳ ಪರಿಹಾರ ನಿಧಿಯದ್ದು. ಮನೆಯ ಜೊತೆ ಜಾಗವೂ ಹೋದವರಿಗೆ ಜಾಗ ಕೊಳ್ಳಲು ಆರು ಲಕ್ಷ, ಮನೆಗೆ ನಾಲ್ಕು ಲಕ್ಷ, ಒಟ್ಟು ಹತ್ತು ಅನ್ನುವ ಲೆಕ್ಕವೂ ಬಂತು.

ರಾಜ್ಯ ಸೇರಿಸುವ ಈ ಪಾಲು ಆಯಾ ದುರಂತಕ್ಕೆ ಹೊರಡುವ ಆದೇಶದ ಮೇಲೆ ನಿಂತಿದೆ. ದೊಡ್ಡ ಪ್ರವಾಹ ಬಂದ ವರ್ಷ ಸಿಕ್ಕಿದ್ದು, ನಿಮ್ಮ ಒಂದು ಮನೆಯ ಗೋಡೆ ಮಾತ್ರ ಬಿದ್ದ ವರ್ಷ ಹಾಗೇ ಸಿಗುತ್ತದೆ ಅಂತ ಹೇಳಲಾಗದು. ನನಗೆ ಇದರಲ್ಲಿ ಅನ್ಯಾಯ ಕಾಣುತ್ತದೆ. ಊರಿಗೆ ಊರೇ ಮುಳುಗಿದಾಗ ಟಿವಿಯವರು ಬರುತ್ತಾರೆ, ಆದೇಶ ಬರುತ್ತದೆ. ಒಬ್ಬರದ್ದೇ ಮನೆ ಬಿದ್ದಾಗ ಮಳೆ ಅದೇ, ಮಣ್ಣು ಅದೇ, ಬಡತನವೂ ಅದೇ. ಆದೇಶ ಮಾತ್ರ ಇಲ್ಲ.

ಈ ಶೇಕಡಾ ಲೆಕ್ಕ ಹಾಕುವುದು ಯಾರು? ವಿಲೇಜ್ ಆಫೀಸರ್ ಸ್ಥಳಕ್ಕೆ ಬಂದು ವರದಿ ಕೊಡುತ್ತಾರೆ. ಮನೆಗೆ ಎಷ್ಟು ಹಾನಿ ಅಂತ ಅಳೆಯುವುದು ಪಂಚಾಯತಿನ ಇಂಜಿನಿಯರ್ ಕಡೆಯವರು, ನಮ್ಮ ಭಾಷೆಯಲ್ಲಿ ಓವರ್ಸಿಯರ್. ಅಕ್ಕನ ಮನೆಗೆ ಅವರು ಬಂದದ್ದು ಕೆಲವು ದಿನ ಬಿಟ್ಟು. ಅಷ್ಟರಲ್ಲಿ ಅಕ್ಕ ಏನು ಮಾಡಿದ್ದರು ಗೊತ್ತಾ? ಬಿದ್ದ ಕಲ್ಲನ್ನೆಲ್ಲ ಚೆಂದಕ್ಕೆ ಒಂದು ಬದಿಗೆ ಪೇರಿಸಿದ್ದರು. ಮಣ್ಣು ಗುಡಿಸಿದ್ದರು. ಹಂಚು ಒರೆಸಿ ಇಟ್ಟಿದ್ದರು. ಒಡೆಯದ ಹಂಚು ಪುನಃ ಉಪಯೋಗಕ್ಕೆ ಬರುತ್ತದಲ್ಲ! ನೆಲಕ್ಕೆ ಸೆಗಣಿ ಸಾರಿಸುವುದೊಂದು ಬಾಕಿ. ಬಂದವರು ಟೇಪು ಹಿಡಿದು ನೋಡಿದರು. "ಒಂದು ಗೋಡೆ ಅಲ್ವಾ ಹೋದದ್ದು?" ಅಂದರು. ಆ ಗೋಡೆ ಹೋದ ಮೇಲೆ ಚಾವಡಿಯ ಗೋಡೆಯಲ್ಲೂ ಮೇಲಿಂದ ಕೆಳಗೆ ಬೆರಳು ತೂರುವಷ್ಟು ಬಿರುಕು ಬಿಟ್ಟಿತ್ತು. ಅಕ್ಕ ಅದರ ಮೇಲೆ ಹೊಸ ಕ್ಯಾಲೆಂಡರ್ ನೇತುಹಾಕಿದ್ದರು, ಬಂದವರಿಗೆ ಚೆಂದ ಕಾಣಲಿ ಅಂತ. ನಾನೇ ಹೋಗಿ ಕ್ಯಾಲೆಂಡರ್ ತೆಗೆದು ಬಿರುಕು ತೋರಿಸಿದೆ. ಅವರು ಮತ್ತೆ ಟೇಪು ಬಿಚ್ಚಿದರು.

ಹಾಗಾಗಿ ಅಳತೆ ಆಗುವವರೆಗೆ ಮನೆ ಗುಡಿಸಬೇಡಿ ಅಂತ ಹೇಳಲು ನನಗೆ ಸಂಕೋಚ. ಮನೆಯಲ್ಲಿ ಮಕ್ಕಳಿರುತ್ತಾರೆ, ಹಾವು ಚೇಳು ಬರುತ್ತವೆ. ಆದರೆ ಗುಡಿಸುವ ಮೊದಲು ಫೋಟೋ ತೆಗೆಯಿರಿ. ಒಳಗಿಂದ, ಹೊರಗಿಂದ, ಬಿರುಕಿನ ಹತ್ತಿರ ಒಂದು ಅಡಿಪಟ್ಟಿ ಹಿಡಿದು. ಮನೆ ನಂಬ್ರ ಕಾಣುವ ಹಾಗೆ ಒಂದು. ಹತ್ತು ರೂಪಾಯಿಗೆ ಪ್ರಿಂಟ್ ಸಿಗುತ್ತದೆ, ಅರ್ಜಿಗೆ ಅಂಟಿಸಿ. ಅಳತೆ ಕಡಿಮೆ ಬರೆದಿದ್ದಾರೆ ಅನಿಸಿದರೆ ತಹಶೀಲ್ದಾರರಿಗೆ, ಅಲ್ಲಿಂದ ಕಲೆಕ್ಟರಿಗೆ ದೂರು ಕೊಡಬಹುದು. ಮಾಹಿತಿ ಹಕ್ಕಿನಲ್ಲಿ ಆ ವರದಿಯ ಪ್ರತಿಯನ್ನೂ ಕೇಳಬಹುದು. ಏನು ಬರೆದಿದ್ದಾರೆ ಅಂತ ಗೊತ್ತಿಲ್ಲದೆ ಜಗಳ ಆಡಿ ಪ್ರಯೋಜನ ಇಲ್ಲ.

ಕಡಲ ಬದಿಯ ಕಥೆ ಬೇರೆ. ಮಂಜೇಶ್ವರದ ಕಣ್ವತೀರ್ಥದಿಂದ ಕುಂಬಳೆಯ ಕೊಯಿಪ್ಪಾಡಿ ವರೆಗೆ ಪ್ರತಿ ಮಳೆಗಾಲ ಕಡಲ್ಕೊರೆತ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತದ ಹೊತ್ತಿಗೆ ಉಪ್ಪಳದ ಮುಸೋಡಿಯಲ್ಲಿ ಎರಡಂತಸ್ತಿನ ಮನೆ ಹಾಗೇ ಅಲೆಗಳಿಗೆ ಕುಸಿದದ್ದನ್ನು ಎಲ್ಲರೂ ಮೊಬೈಲಿನಲ್ಲಿ ನೋಡಿದ್ದೇವೆ. ವಿಚಿತ್ರ ಏನೆಂದರೆ, 2022ರಿಂದ 2026ರ ಆ ದರಪಟ್ಟಿಯ ಜೊತೆಗಿನ ಕೇಂದ್ರದ ವಿಪತ್ತುಗಳ ಪಟ್ಟಿಯಲ್ಲಿ ಚಂಡಮಾರುತ ಇದೆ, ನೆರೆ ಇದೆ, ಭೂಕುಸಿತ ಇದೆ, ಹಿಮಪಾತ ಕೂಡ ಇದೆ. ಕಡಲ್ಕೊರೆತ ಇಲ್ಲ! ಸಿಡಿಲೂ ಇಲ್ಲ. ಆದರೆ ವಿಪತ್ತು ನಿಧಿಯ ನೂರಕ್ಕೆ 10ರಷ್ಟನ್ನು ತನಗೆ ಬೇಕಾದ ವಿಪತ್ತಿಗೆ ಬಳಸಲು ರಾಜ್ಯಕ್ಕೆ ಅವಕಾಶ ಇದೆ. ಕೇರಳ ಆ ದಾರಿಯಲ್ಲಿ ಕಡಲ್ಕೊರೆತ, ಸಿಡಿಲು, ಬಿರುಗಾಳಿಯನ್ನು ತನ್ನದೇ ಪಟ್ಟಿಗೆ ಸೇರಿಸಿಕೊಂಡಿತು. ಹಾಗಾಗಿ ಬಿರುಗಾಳಿಗೆ ತೆಂಗಿನ ಮರ ಮಾಡಿನ ಮೇಲೆ ಬಿದ್ದರೂ ಅರ್ಜಿ ಕೊಡಿ. "ಅದು ನೆರೆ ಅಲ್ಲ, ಸಿಗಲಿಕ್ಕಿಲ್ಲ" ಅಂತ ನೀವೇ ತೀರ್ಪು ಕೊಟ್ಟುಕೊಳ್ಳಬೇಡಿ.

ಕಡಲ ಬದಿಯ ಮೀನುಗಾರರಿಗೆ 'ಪುನರ್ಗೇಹಂ' ಅಂತ ಇನ್ನೊಂದು ಯೋಜನೆ ಇದೆ. ಇದು ಕಂದಾಯ ಇಲಾಖೆಯದ್ದೂ ಅಲ್ಲ, ಪಂಚಾಯತಿನದ್ದೂ ಅಲ್ಲ, ಮೀನುಗಾರಿಕೆ ಇಲಾಖೆಯದ್ದು. ನೀರಿನ ಉಬ್ಬರದ ಗೆರೆಯಿಂದ 50 ಮೀಟರ್ ಒಳಗೆ ಇರುವ ಕುಟುಂಬಗಳನ್ನು ದೂರಕ್ಕೆ ಕಳುಹಿಸುವುದು ಗುರಿ. ಇಡೀ ರಾಜ್ಯದಲ್ಲಿ ಅಂಥ 18,685 ಕುಟುಂಬಗಳು ಅಂತ ಲೆಕ್ಕ ಹಾಕಿ, 2,450 ಕೋಟಿ ರೂಪಾಯಿಯ ಯೋಜನೆ ಮಾಡಿದರು. ಒಂದು ಕುಟುಂಬಕ್ಕೆ ಹತ್ತು ಲಕ್ಷ, ಜಾಗಕ್ಕೆ ಆರು, ಮನೆಗೆ ನಾಲ್ಕು. ಬಿಟ್ಟುಹೋದ ಜಾಗದಲ್ಲಿ ಮರ ಬೆಳೆಸಿ ಹಸಿರು ಪಟ್ಟಿ ಮಾಡುವುದು.

ಕಾಗದದಲ್ಲಿ ಒಳ್ಳೆಯದೇ. ಆದರೆ ಹೆದ್ದಾರಿಯ ಆಸುಪಾಸಿನಲ್ಲಿ ಈಗಿನ ರೇಟಿಗೆ ಆರು ಲಕ್ಷಕ್ಕೆ ಎಷ್ಟು ಸೆಂಟ್ಸ್ ಸಿಗುತ್ತದೆ ಹೇಳಿ. ಸಿಕ್ಕಿದರೂ ಒಳಗೆ, ಗುಡ್ಡದ ಬದಿ. ದೋಣಿ ಕಣ್ಣಳತೆಯಲ್ಲಿ ಇಲ್ಲದಿದ್ದರೆ ರಾತ್ರಿ ನಿದ್ದೆ ಬಾರದವರು ಅವರು. ಬಲೆ ಎಲ್ಲಿ ಒಣಗಿಸುವುದು, ಮೀನು ಎಲ್ಲಿ ಒಣಗಿಸುವುದು? ಬೆಳಗಿನ ಜಾವ ಕಡಲಿಗೆ ಇಳಿಯಬೇಕಾದವರು ಮೊದಲ ಬಸ್ಸಿಗೆ ಕಾಯಬೇಕಾ? ಮೊಗವೀರರ ಪಟ್ಣದಲ್ಲಿ, ಅಂದರೆ ಮೀನುಗಾರರ ಕೇರಿಯಲ್ಲಿ, ಒಬ್ಬ ಹಿರಿಯರು ನನಗೆ ಹೇಳಿದ್ದು: "ಕಡಲು ಮನೆ ಮಾತ್ರ ತೆಗೆದದ್ದು ಮಾಷ್ಟ್ರೇ. ಇವರು ಹೇಳಿದಲ್ಲಿಗೆ ಹೋದರೆ ಕೆಲಸವೂ ಹೋಯಿತು."

ಈಗ ಎರಡನೆಯ ಬಾಗಿಲು, ಪಂಚಾಯತು. ಕೇರಳದಲ್ಲಿ ಬಡವರ ಮನೆ ಅಂದರೆ ಲೈಫ್ ಮಿಷನ್. 2016ರಲ್ಲಿ ಘೋಷಿಸಿದ್ದು. ಮನೆ ಕಟ್ಟಲು ನಾಲ್ಕು ಲಕ್ಷ, ಒಳನಾಡಿನ ಪರಿಶಿಷ್ಟ ಪಂಗಡದ ಕಾಲೊನಿಗಳಿಗೆ ಆರು ಲಕ್ಷ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಹಣವನ್ನೂ ಇದರ ಒಳಗೇ ಸೇರಿಸಿಕೊಂಡಿದ್ದಾರೆ. ಹಳ್ಳಿಯಲ್ಲಿ ಕೇಂದ್ರದಿಂದ 72,000 ಬಂದರೆ ಉಳಿದದ್ದನ್ನು ರಾಜ್ಯ, ಪಂಚಾಯತು ಸೇರಿ ತುಂಬುತ್ತವೆ. ಅದರ ಮೇಲೆ ಉದ್ಯೋಗ ಖಾತ್ರಿಯಲ್ಲಿ ನಿಮ್ಮದೇ ಮನೆಯ ಕೆಲಸಕ್ಕೆ 90 ದಿನದ ಕೂಲಿಯೂ ಸಿಗುತ್ತಾ ಬಂದಿದೆ. ಇದನ್ನು ಕೇಳದೆ ಬಿಟ್ಟವರು ಎಷ್ಟೋ ಜನ.

ಆದರೆ ಲೈಫ್ ದುರಂತದ ಯೋಜನೆ ಅಲ್ಲ. ಅದು ಸರದಿಯ ಪಟ್ಟಿ. 2020ರಲ್ಲಿ ಅರ್ಜಿ ಕರೆದಾಗ ವರ್ಷದ ಆದಾಯ ಮೂರು ಲಕ್ಷದ ಒಳಗಿರಬೇಕು, ಪಂಚಾಯತಿನಲ್ಲಿ 25 ಸೆಂಟ್ಸಿಗಿಂತ, ನಗರಸಭೆಯಲ್ಲಿ 5 ಸೆಂಟ್ಸಿಗಿಂತ ಜಾಸ್ತಿ ಜಾಗ ಇರಬಾರದು ಅಂತ ನಿಯಮ ಇತ್ತು. ಒಂದು ರೇಷನ್ ಕಾರ್ಡಿಗೆ ಒಂದು ಮನೆ. ಪಟ್ಟಿ ಗ್ರಾಮಸಭೆಯಲ್ಲಿ ಓದಿ ಒಪ್ಪಿಗೆ ಆಗಬೇಕು. ಗ್ರಾಮಸಭೆ ಅಂದರೆ ನಮ್ಮಲ್ಲಿ ಕುಟುಂಬಶ್ರೀ ಸ್ವಸಹಾಯ ಸಂಘಗಳ ಹೆಂಗಸರು ಬರುತ್ತಾರೆ, ಗಂಡಸರು ಹೊರಗೆ ಅಂಗಡಿ ಹತ್ತಿರ ನಿಂತಿರುತ್ತಾರೆ. ಹೆಸರು ಬಿಟ್ಟುಹೋದರೆ ಎದ್ದು ನಿಂತು ಹೇಳಬೇಕಾದ ಜಾಗ ಅದೇ. ಪಟ್ಟಿಯಲ್ಲಿ ಹೆಸರು ಇರುವುದಕ್ಕೂ ಇಲ್ಲದ್ದಕ್ಕೂ ಇರುವ ವ್ಯತ್ಯಾಸ ಕಾಸರಗೋಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗೇರು ತೋಟಗಳಿಗೆ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರಿಗೆ ಐದು ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಹೇಳಿದ ಮೇಲೂ ವರ್ಷಗಟ್ಟಲೆ ಕಾದವರು ನಮ್ಮ ನೆರೆಹೊರೆಯಲ್ಲೇ ಇದ್ದಾರೆ.

ಹಣ ಒಟ್ಟಿಗೆ ಕೈಗೆ ಬರುವುದಿಲ್ಲ, ಕಂತು ಕಂತಾಗಿ. ಪಂಚಾಂಗ (ಅಡಿಪಾಯ) ಮುಗಿದರೆ ಒಂದು, ಗೋಡೆ ಎದ್ದರೆ ಒಂದು, ಹೀಗೆ. ಹೆಚ್ಚಾಗಿ ಮೊದಲು ಕೆಲಸ, ಆಮೇಲೆ ಕಂತು. ಕೈಯಲ್ಲಿ ಕಾಸಿಲ್ಲದವರು ಕೆಲಸ ಮಾಡಿಸುವುದು ಹೇಗೆ? ಕಲ್ಲಿನವರ ಹತ್ತಿರ ಸಾಲ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಾಲ, ಕುಟುಂಬಶ್ರೀ ಸಂಘದಲ್ಲಿ ಸಾಲ. ಗೋಡೆ ಕಿಟಕಿ ಮಟ್ಟಕ್ಕೆ ಬಂದು ಪಾಚಿ ಹಿಡಿದು ನಿಂತ ಮನೆ ಕಂಡರೆ ತಿಳಿದುಕೊಳ್ಳಿ, ಅಲ್ಲಿ ಕಂತಿಗೂ ಸಾಲಕ್ಕೂ ಜಗಳ ನಡೆಯುತ್ತಿದೆ.

ಇನ್ನು ಎರಡು ಬಾಗಿಲಿನ ನಡುವೆ ಬಿದ್ದವರು. ಬಾಡಿಗೆ ಮನೆಯಲ್ಲಿ ಇರುವವರದ್ದು ಮೊದಲ ಕಥೆ. ಮನೆ ಬಿದ್ದರೆ ಮನೆಯ ಪರಿಹಾರ ಯಜಮಾನರಿಗೆ. ಬಾಡಿಗೆಯವರಿಗೆ ಕೇಳಲು ಉಳಿಯುವುದು ಅದೇ 2022–2026ರ ದರಪಟ್ಟಿಯ ಪ್ರಕಾರ ಬಟ್ಟೆಗೆ 2,500, ಪಾತ್ರೆ ಸಾಮಾನಿಗೆ 2,500. ಅದೂ ಮನೆ ಕೊಚ್ಚಿಹೋಗಿದ್ದರೆ, ಪೂರ್ತಿ ಹಾಳಾಗಿದ್ದರೆ, ಇಲ್ಲವೇ ಎರಡು ದಿನಕ್ಕಿಂತ ಜಾಸ್ತಿ ನೀರು ನಿಂತಿದ್ದರೆ. ವಯನಾಡಿನಲ್ಲಿ 2024ರ ಜುಲೈ 30ರ ಭೂಕುಸಿತದ ನಂತರ ಸರ್ಕಾರ ಮನೆ ಕಳೆದುಕೊಂಡವರಿಗೆ ತಿಂಗಳಿಗೆ 6,000 ಬಾಡಿಗೆ ಕೊಟ್ಟಿತು, ಕೆಲಸ ಹೋದ ಕುಟುಂಬದ ಇಬ್ಬರಿಗೆ ದಿನಕ್ಕೆ 300 ರೂಪಾಯಿ ಕೊಟ್ಟಿತು. ಒಳ್ಳೆಯ ಮಾದರಿ. ಆದರೆ ಅದೂ ಆ ದುರಂತಕ್ಕೆ ಅಂತ ಹೊರಟ ಆದೇಶವೇ.

ಎರಡನೆಯವರು ಜಾಗದ ಕಾಗದ ಸರಿ ಇಲ್ಲದವರು. ನಮ್ಮದು ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ತುಂಡು. 1956ರಲ್ಲಿ ಕೇರಳಕ್ಕೆ ಬಂದರೂ ವರ್ಗ (ಸ್ವಂತ ಹಿಡುವಳಿ), ಕುಮ್ಕಿ (ಅದಕ್ಕೆ ತಾಗಿದ ಸರ್ಕಾರಿ ಜಾಗ) ಅನ್ನುವ ಹಳೆಯ ಲೆಕ್ಕ ಜೊತೆಗೇ ಬಂತು. ಕುಮ್ಕಿಯಲ್ಲಿ ಅಜ್ಜನ ಕಾಲದಿಂದ ಮನೆ ಇದೆ, ಪಟ್ಟೆ (ಹಕ್ಕುಪತ್ರ) ಇಲ್ಲ. ಇನ್ನು ಹೆಣ್ಣಿನ ಕಡೆಯಿಂದ ಆಸ್ತಿ ಇಳಿಯುವ ಅಳಿಯಕಟ್ಟಿನ ಮನೆಗಳು. ತೀರ್ವೆ (ಭೂಕಂದಾಯ) ಈಗಲೂ ಸತ್ತುಹೋದ ದೊಡ್ಡಜ್ಜಿಯ ಹೆಸರಿನಲ್ಲಿ ಕಟ್ಟುತ್ತಾರೆ. ಮಳೆಗೆ ಮನೆ ಬಿದ್ದಾಗ "ತೀರ್ವೆ ರಶೀದಿ ಯಾರ ಹೆಸರಲ್ಲಿದೆ?" ಅಂತ ಕೇಳುತ್ತಾರೆ. ಇಂಥವರು ಮಾಡಬಹುದಾದದ್ದು, ತಾವೇ ಅಲ್ಲಿ ವಾಸ ಇರುವುದಕ್ಕೆ ಸಿಕ್ಕಿದ ಎಲ್ಲ ಕಾಗದ ಸೇರಿಸುವುದು. ರೇಷನ್ ಕಾರ್ಡ್, ಕರೆಂಟು ಬಿಲ್ಲು, ಮನೆ ತೆರಿಗೆ ರಶೀದಿ, ವೋಟರ್ ಕಾರ್ಡ್. ಜೊತೆಗೆ ವಿಲೇಜ್ ಆಫೀಸಿನಿಂದ ಪೊಸೆಷನ್ ಸರ್ಟಿಫಿಕೇಟಿಗೆ (ಸ್ವಾಧೀನ ಪತ್ರಕ್ಕೆ) ಅರ್ಜಿ. ಇದನ್ನು ಬೇಸಗೆಯಲ್ಲೇ ಮಾಡಿಟ್ಟುಕೊಂಡರೆ ಮಳೆಗಾಲದಲ್ಲಿ ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರದ ಮುಂದೆ ಕೊಡೆ ಹಿಡಿದು ಸಾಲು ನಿಲ್ಲುವುದು ತಪ್ಪುತ್ತದೆ.

ಮೂರನೆಯದು ಭಾಷೆ. ಮಲಯಾಳದಲ್ಲಿ ಅರ್ಜಿಗೆ 'ಅಪೇಕ್ಷ' ಅನ್ನುತ್ತಾರೆ. ನಮ್ಮ ಹಿರಿಯರು "ಅಪೇಕ್ಷೆ ಕೊಟ್ಟು ಬಂದೆ" ಅನ್ನುವಾಗ ನಗು ಬರುತ್ತದೆ, ಕನ್ನಡದ ಅರ್ಥವೂ ಅಲ್ಲಿ ಸರಿಯಾಗೇ ಕೂರುತ್ತದೆ! ನಗು ಬಾರದ ಕಥೆಯೂ ಇದೆ. ನಮ್ಮ ಅಕ್ಕನಿಗೆ ಒಂದು ಕಚೇರಿಯಲ್ಲಿ ಕೊಟ್ಟ ಫಾರಂ ಪೂರ್ತಿ ಮಲಯಾಳದಲ್ಲಿತ್ತು. ಓದಲು ಬಾರದೆ ಪಕ್ಕದಲ್ಲಿ ನಿಂತವರು ತೋರಿಸಿದಲ್ಲಿ ಗೀಟು ಹಾಕಿದರು. ಚಾವಡಿ ಗೋಡೆಯ ಬಿರುಕಿನ ವಿಚಾರ ಬರೆಯಬೇಕಾದ ಜಾಗ ಖಾಲಿ ಉಳಿಯಿತು. ಅದು ಗೊತ್ತಾದದ್ದು ಎರಡು ತಿಂಗಳು ಕಳೆದು.

ಸಂವಿಧಾನದ 350ನೇ ವಿಧಿ ಏನು ಹೇಳುತ್ತದೆ ಅಂದರೆ, ಕಷ್ಟ ಹೇಳಿಕೊಳ್ಳುವ ಮನವಿಯನ್ನು ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಕೊಡಬಹುದು. ಕಾಸರಗೋಡಿನಲ್ಲಿ ಕನ್ನಡ ಅಲ್ಪಸಂಖ್ಯಾತ ಭಾಷೆ. ಫಾರಂ ಮಲಯಾಳದಲ್ಲೇ ಇರಲಿ, ಜೊತೆಗೆ ಒಂದು ಬಿಳಿ ಹಾಳೆಯಲ್ಲಿ ಕನ್ನಡದಲ್ಲಿ ನಡೆದದ್ದನ್ನು ಬರೆದು ಲಗತ್ತಿಸಿ. ಯಾವ ದಿನ, ಎಷ್ಟು ಹೊತ್ತಿಗೆ, ಏನೇನು ಬಿತ್ತು, ಮನೆಯಲ್ಲಿ ಎಷ್ಟು ಜನ. ಕೊಟ್ಟ ಮೇಲೆ ರಶೀದಿ ನಂಬ್ರ ಕೇಳಿ ಪಡೆಯಿರಿ. "ಬೇಡ, ನಾವು ನೋಡಿಕೊಳ್ಳುತ್ತೇವೆ" ಅಂದರೆ ಇನ್ನೂ ಗಟ್ಟಿಯಾಗಿ ಕೇಳಿ.

ಹಣದ ಹೊರತಾಗಿ ಸಿಗುವುದೂ ಇದೆ. ನೆರೆ ಇಳಿದ ಮೇಲೆ ಬಾವಿಗೆ ಬ್ಲೀಚಿಂಗ್ ಹಾಕಲು ಆರೋಗ್ಯ ಕೇಂದ್ರದವರು ಬರುತ್ತಾರೆ. ಕೆಸರಲ್ಲಿ ಕೆಲಸ ಮಾಡುವವರಿಗೆ ಇಲಿಜ್ವರ ಬಾರದ ಹಾಗೆ ಮಾತ್ರೆ ಕೊಡುತ್ತಾರೆ. ಕುಟುಂಬಶ್ರೀ ಮತ್ತು ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯ ಹೆಂಗಸರು ಮನೆ ತೊಳೆಯಲು ಕೈ ಜೋಡಿಸುತ್ತಾರೆ. ಅಡಿಕೆ, ತೆಂಗು ಹೋದರೆ ಕೃಷಿ ಭವನಕ್ಕೆ ಬೇರೆಯೇ ಅರ್ಜಿ. ಅದನ್ನು ಮನೆಯ ಅರ್ಜಿಯ ಜೊತೆ ಬೆರೆಸಬೇಡಿ.

ಅಕ್ಕನ ಫೈಲು ಈಗ ಎರಡು ಕಡೆ ಇದೆ. ತಾಲೂಕಿನಿಂದ 'ಭಾಗಶಃ' ಅಂತಲೇ ಸಣ್ಣ ಮೊತ್ತ ಬಂತು. ಮರದವರ ಕೂಲಿಗೇ ಅದು ಮುಗಿಯಿತು. ಬಿರುಕಿನ ಫೋಟೋ ಹಚ್ಚಿ ಪುನಃ ಅಳೆಯಬೇಕು ಅಂತ ಕನ್ನಡದಲ್ಲೇ ಅರ್ಜಿ ಬರೆದೆವು, ರಶೀದಿಯೂ ಸಿಕ್ಕಿದೆ. ಪಂಚಾಯತಿನ ಪಟ್ಟಿಯಲ್ಲಿ ಅವರ ಮುಂದೆ ಇನ್ನೂ ತುಂಬಾ ಜನ ಇದ್ದಾರೆ. ಅಡುಗೆ ಸದ್ಯಕ್ಕೆ ಚಾವಡಿಯ ಮೂಲೆಯಲ್ಲಿ. ಮೊನ್ನೆ ಹೋದಾಗ ಕ್ಯಾಲೆಂಡರ್ ಎದುರು ಗೋಡೆಗೆ ಹೋಗಿತ್ತು. ಬಿರುಕಿನ ಎರಡು ತುದಿಗೂ ಅಕ್ಕ ಇದ್ದಿಲಿನಲ್ಲಿ ಗೆರೆ ಎಳೆದು ತಾರೀಕು ಬರೆದಿದ್ದಾರೆ. ಕೆಳಗಿನ ಗೆರೆ ದಾಟಿ ಅದು ಒಂದು ಗೇಣು ಇಳಿದಿದೆ.